ಹುಲ್ಲಿನ ಮೇಸ್ತ್ರಿಯ ಚಿಪ್

ಅವನ ಮುಖಕ್ಕಿಂತ ಮೊದಲು ನನಗೆ ನೆನಪಾಗುವುದು ಅವನ ಹಿಂಗತ್ತು. ಕೂದಲು ಮುಗಿಯುವ ಕಡೆ ಹೆಜ್ಜೇನು ಕಚ್ಚಿ ಗಂಟುಗಟ್ಟಿದ ಮೂರು ಗುರುತು, ಅದರ ಕೆಳಗೆ ಬಿಸಿಲಿಗೆ ಕರಕಾಗಿ ಗೆರೆ ಬಿದ್ದ ಚರ್ಮ. ಗಾಲ್ಫ್ ಚೆಂಡು ಹೊಡೆದ ಮೇಲೂ ಆ ತಲೆ ಮೇಲಕ್ಕೆ ಏಳುತ್ತಿರಲಿಲ್ಲ. ನಾವೆಲ್ಲ ಕೋಲು ಚೆಂಡಿಗೆ ತಾಗುವ ಮೊದಲೇ ಕತ್ತು ಎತ್ತಿ ಅದು ಎಲ್ಲಿ ಹೋಯಿತು ಎಂದು ಹುಡುಕುವವರು. ಅವನು ಮಾತ್ರ ಚೆಂಡಿದ್ದ ಜಾಗದ ಹುಲ್ಲನ್ನೇ ನೋಡುತ್ತ ನಿಂತಿರುತ್ತಿದ್ದ. ಚೆಂಡು ಗುಂಡಿಗೆ ಬಿದ್ದ ಸದ್ದು ಕೇಳಿದ ಮೇಲೆ ನಿಧಾನವಾಗಿ ತಲೆ ಎತ್ತಿ, "ಹ್ಞೂಂ, ಬಿತ್ತು" ಅನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನನ್ನ ಹೊಟ್ಟೆಗೆ ಕೊಳ್ಳಿ ಇಟ್ಟ ಹಾಗಾಗುತ್ತಿತ್ತು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತವರ ಬಗ್ಗೆ ಬರೆಯುವಾಗ ಎಲ್ಲರೂ ಕಣ್ಣು ಒರೆಸಿಕೊಂಡು ಕೂರುತ್ತಾರೆ. ನನಗೆ ಅದು ಬರುವುದಿಲ್ಲ. ಅವನನ್ನು ನೆನೆದರೆ ಇವತ್ತಿಗೂ ಮೊದಲು ಬರುವುದು ಹೊಟ್ಟೆಕಿಚ್ಚು, ಆಮೇಲೆ ಉಳಿದದ್ದು. ಎಪ್ಪತ್ತು ದಾಟಿದ ಮೇಲೂ ಹೀಗೆ ಉರಿಯುತ್ತದಲ್ಲ ಎಂದು ನನಗೇ ನಾಚಿಕೆ.

ನಮ್ಮ ಮನೆ ವಯನಾಡಿನ ಪೆರಿಕಲ್ಲೂರಿನಲ್ಲಿ, ಕಬಿನಿಯ ದಂಡೆಗೆ. ಎದುರು ದಂಡೆ ಮೈಸೂರು ಸೀಮೆ. ಯಾವ ಕಾಲದಲ್ಲೋ ಹಿರಿಯರು ಹೊಳೆ ದಾಟಿ ಬಂದು ಗದ್ದೆ ಮಾಡಿದರು, ಹಾಗಾಗಿ ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಮಲಯಾಳ. ಹತ್ತನೇ ಕ್ಲಾಸು ಮುಗಿಸಿ ಕಲ್ಪೆಟ್ಟದ ಮೇಲಿನ ಗುಡ್ಡದಲ್ಲಿ ಒಂದು ಟೀ ಎಸ್ಟೇಟಿಗೆ ರೈಟರ್ ಆಗಿ ಸೇರಿದೆ. ಆಳುಗಳ ಹಾಜರಿ ಹಾಕುವ ಗುಮಾಸ್ತನಿಗೆ ನಮ್ಮಲ್ಲಿ ರೈಟರ್ ಅನ್ನುತ್ತಾರೆ. ಎಸ್ಟೇಟಿನ ಪಕ್ಕದಲ್ಲೇ ಪ್ಲಾಂಟರುಗಳ ಕ್ಲಬ್ಬು, ಕ್ಲಬ್ಬಿನ ಹಿಂದೆ ಒಂಬತ್ತು ಗುಂಡಿಗಳ ಗಾಲ್ಫ್ ಮೈದಾನ. ಇಂಗ್ಲಿಷರು ಹೋದ ಮೇಲೆ ಆಡುವ ಮೆಂಬರುಗಳು ಕಡಿಮೆಯಾಗಿ, ಸೋಮವಾರ ಬೆಳಿಗ್ಗೆ ಆಫೀಸಿನ ಸ್ಟಾಫೂ ಆಡಬಹುದು ಎಂದು ಮಾಡಿದ್ದರು. ಕ್ಲಬ್ಬಿನ ಕಾಗದ ಪತ್ರ ಬೆರಳಚ್ಚು ಮಾಡುವ ಕೆಲಸವೂ ನನ್ನದೇ ಆಗಿದ್ದರಿಂದ ನನಗೆ ಆಟದ ಹುಚ್ಚು ಹತ್ತಿತು. ಲೈಬ್ರರಿಯಲ್ಲಿ ಗೆದ್ದಲು ತಿಂದು ಉಳಿದಿದ್ದ ಗಾಲ್ಫ್ ಪುಸ್ತಕ ತಂದು, ಕನ್ನಡಿ ಮುಂದೆ ನಿಂತು ಕೋಲು ಬೀಸುತ್ತಿದ್ದೆ. ಒಂದು ಸಲ ಗಡಿಯಾರ ಒಡೆಯಿತು. ಹೆಂಡತಿ ಮೂರು ದಿನ ಮಾತು ಬಿಟ್ಟಳು.

ಉದ್ದದ ಹೊಡೆತ ನನಗೆ ಬೇಗ ಬಂತು. ತೊಂದರೆ ಇದ್ದದ್ದು ಗ್ರೀನಿನ ಹತ್ತಿರ. ಗುಂಡಿಯ ಸುತ್ತ ಹುಲ್ಲನ್ನು ಕಂಬಳಿಯ ಹಾಗೆ ನುಣ್ಣಗೆ ಕತ್ತರಿಸಿದ ಜಾಗಕ್ಕೆ ಗ್ರೀನ್ ಅನ್ನುತ್ತಾರೆ. ಚೆಂಡು ಅದರ ಅಂಚಿನ ಒರಟು ಹುಲ್ಲಿನಲ್ಲಿ ನಿಂತರೆ, ಅದನ್ನು ಸಣ್ಣಗೆ ಹಾರಿಸಿ ಗ್ರೀನಿನ ಮೇಲೆ ಬೀಳಿಸಿ ಗುಂಡಿಯ ಕಡೆಗೆ ಉರುಳಿಸಬೇಕು. ಈ ಸಣ್ಣ ಹೊಡೆತಕ್ಕೆ ಚಿಪ್ ಎಂದು ಹೆಸರು. ನೋಡಲು ಮಕ್ಕಳಾಟ. ನಾನು ಹೊಡೆದರೆ ಒಂದೋ ಕೋಲು ಚೆಂಡಿನ ಹಿಂದಿನ ಮಣ್ಣು ಅಗೆದು ಚೆಂಡು ಅಲ್ಲೇ ಕೂತಿರುತ್ತಿತ್ತು, ಇಲ್ಲವೇ ಚೆಂಡಿನ ನೆತ್ತಿಗೆ ಬಡಿದು ಅದು ಗ್ರೀನ್ ದಾಟಿ ಟೀ ಗಿಡಗಳೊಳಗೆ ನುಗ್ಗುತ್ತಿತ್ತು. ಇನ್ನೂರು ಗಜ ನೆಟ್ಟಗೆ ಬಂದವನು ಕೊನೆಯ ಹತ್ತು ಗಜದಲ್ಲಿ ಮಾನ ಕಳೆದುಕೊಳ್ಳುತ್ತಿದ್ದೆ.

ಅವನು ಆ ಮೈದಾನದ ಹುಲ್ಲು ನೋಡಿಕೊಳ್ಳುವವನು. ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು, ಆದರೆ ಅವನ ಕೈಕೆಳಗೆ ಒಬ್ಬ ಆಳೂ ಇರಲಿಲ್ಲ. ಕಾಡುಕುರುಬರ ಹಾಡಿಯವನು. ಅವನ ತಂಗಿಯನ್ನು ಕೊಟ್ಟದ್ದು ಮರಕ್ಕಡವಿಗೆ, ನಮ್ಮ ಊರಿನ ಹತ್ತಿರವೇ. ಇಡೀ ಎಸ್ಟೇಟಿನ ಕೆಲಸದವರಲ್ಲಿ ಕನ್ನಡ ಆಡುವವರು ನಾವಿಬ್ಬರೇ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವನು. ಆದರೂ ಅವನು ನನಗೆ ಗೌಡ್ರೇ, ನೀವು ಅನ್ನುತ್ತಿದ್ದ. ನಾನು ಅವನಿಗೆ ನೀನು ಅನ್ನುತ್ತಿದ್ದೆ. ಆಗ ಹಾಗೇ ಇತ್ತು. ಈಗ ಬರೆಯುವಾಗ 'ಅವರು' ಎಂದು ಹಾಕಿ ದೊಡ್ಡವನಾಗಬಹುದು. ಬದುಕಿದ್ದಾಗ ಅನ್ನದೆ ಈಗ ಅಂದರೆ ಅದು ನಾಟಕ.

ಅವನ ಹತ್ತಿರ ಇದ್ದದ್ದು ಒಂದೇ ಕೋಲು. ಯಾರೋ ಇಂಗ್ಲಿಷ್ ಪ್ಲಾಂಟರು ಸಿಟ್ಟಿನಲ್ಲಿ ಮರಕ್ಕೆ ಬಡಿದು ಎಸೆದುಹೋದ ಏಳನೇ ನಂಬರಿನ ಕಬ್ಬಿಣದ ಕೋಲು. ಮುರಿದ ಹಿಡಿಯನ್ನು ಮೊಟಕು ಮಾಡಿ, ಸೈಕಲ್ ಟ್ಯೂಬು ಸುತ್ತಿ, ಅದನ್ನು ಹುಲ್ಲು ಕತ್ತರಿಸುವ ಮೆಷಿನ್ನಿನ ಜೊತೆ ಶೆಡ್ಡಿನಲ್ಲಿ ಇಟ್ಟಿದ್ದ. ಕೆಲಸ ಮುಗಿದ ಮೇಲೆ, ಮೆಂಬರುಗಳು ಕಳೆದುಕೊಂಡ ಚೆಂಡುಗಳಲ್ಲಿ ನಾಲ್ಕೈದು ತೆಗೆದುಕೊಂಡು ಗ್ರೀನಿನ ಅಂಚಿಗೆ ನಿಲ್ಲುತ್ತಿದ್ದ. ಬರಿಗಾಲು, ಮೊಣಕಾಲ ಮೇಲೆ ಕಟ್ಟಿದ ಮುಂಡು. ಐದರಲ್ಲಿ ಎರಡು ಗುಂಡಿಗೆ, ಉಳಿದ ಮೂರು ಗುಂಡಿಯ ಮಗ್ಗುಲಿಗೆ. ನಾನು ಕ್ಯಾನ್ವಾಸ್ ಶೂ ಹಾಕಿ, ಪುಸ್ತಕ ಬಾಯಿಪಾಠ ಮಾಡಿ, ಸೋಮವಾರಕ್ಕಾಗಿ ವಾರವಿಡೀ ಕಾದು, ಐದರಲ್ಲಿ ಒಂದನ್ನೂ ಹತ್ತಿರ ನಿಲ್ಲಿಸಲಾರೆ. ಇದನ್ನು ನೋಡಿಕೊಂಡು ಹೊಟ್ಟೆ ಉರಿಯದವನು ದೇವರೇ ಇರಬೇಕು.

ಕ್ಲಬ್ಬಿನ ಸೆಕ್ರೆಟರಿ ಮಿಲಿಟರಿಯಿಂದ ನಿವೃತ್ತರಾದವರು, ಮಾತು ಕಡಿಮೆ. ಅವರು ಒಂದು ಸಂಜೆ ವರಾಂಡದಲ್ಲಿ ನಿಂತು ಮೇಸ್ತ್ರಿಯ ಚಿಪ್ ನೋಡುತ್ತ, "ಇಂಥ ಕೈ ನಾನು ಊಟಿಯಲ್ಲೂ ನೋಡಿಲ್ಲ" ಅಂದರು. ನಾನು ಪಕ್ಕದಲ್ಲೇ ಕಾಗದಕ್ಕೆ ಸಹಿ ಹಾಕಿಸಲು ನಿಂತಿದ್ದೆ. ನನ್ನ ಉದ್ದದ ಹೊಡೆತದ ಬಗ್ಗೆ ಆವರೆಗೆ ಅವರು ಒಂದು ಮಾತು ಆಡಿದ್ದಿಲ್ಲ. ಆ ದಿನ ಬೆರಳಚ್ಚಿನಲ್ಲಿ ಹನ್ನೊಂದು ತಪ್ಪು ಮಾಡಿದೆ.

"ಅವನಿಗೇನು, ದಿನವಿಡೀ ಅಲ್ಲೇ ಇರ್ತಾನೆ. ನನಗೂ ಅಷ್ಟು ಹೊತ್ತು ಸಿಕ್ಕಿದ್ರೆ ತೋರಿಸ್ತಿದ್ದೆ" ಎಂದು ಹೆಂಡತಿಯ ಮುಂದೆ ಹಾರಾಡಿದೆ.

"ಕಲಿಸು ಅಂತ ಅವನನ್ನೇ ಕೇಳಿ. ಉರ್ಕೊಂಡು ಕೂತ್ರೆ ಬರ್ತದಾ?" ಅಂದಳು.

ಕೇಳುವುದೇ? ಹುಲ್ಲು ಕತ್ತರಿಸುವವನ ಹತ್ತಿರ ಹೋಗಿ ಕಲಿಸು ಎಂದು ರೈಟರ್ ಕೇಳುವುದೇ? ಎರಡು ತಿಂಗಳು ಬಿಗುಮಾನ ಹಿಡಿದೆ. ಆಮೇಲೆ ಕೇಳಿದೆ, ಕೇಳುವ ಹಾಗೆ ಕೇಳಲಿಲ್ಲ. "ಏನೋ ಮೇಸ್ತ್ರಿ, ನಿನ್ನ ಹೊಡೆತದಲ್ಲಿ ಏನು ಮಂತ್ರ ಇದೆ?" ಎಂದು ತಮಾಷೆಯ ಧಾಟಿಯಲ್ಲಿ ಅಂದೆ.

ಅವನಿಗೆ ನನ್ನ ಧಾಟಿ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಬಿಟ್ಟುಕೊಟ್ಟನೋ. "ಮಂತ್ರ ಏನೂ ಇಲ್ಲ ಗೌಡ್ರೇ. ನೀವು ಚೆಂಡು ಎತ್ತಕ್ಕೆ ಹೋಗ್ತೀರಿ. ಎತ್ತಬ್ಯಾಡಿ. ಕೋಲಿನ ಮುಖ ಓರೆ ಅದೆಯಲ್ಲ, ಅದು ತಾನೇ ಎತ್ತದೆ. ನೀವು ಕೆಳಕ್ಕೆ ಬಡೀರಿ, ಮತಿ" ಅಂದ. ಸಾಕು ಅನ್ನುವುದಕ್ಕೆ ಮಲಯಾಳದ ಈ 'ಮತಿ' ಅವನ ಬಾಯಲ್ಲಿ ಸದಾ ಇರುತ್ತಿತ್ತು.

ಅಲ್ಲಿಂದ ಸೋಮವಾರ ಸೋಮವಾರ ಪಾಠ. ಅವನ ಪಾಠ ಶುರುವಾಗುತ್ತಿದ್ದದ್ದು ಕೋಲಿಲ್ಲದೆ. ಚೆಂಡನ್ನು ಕೈಯಲ್ಲಿ ಹಿಡಿದು, ಕೆಳಗಿನಿಂದ, ನಾವು ಹುಡುಗರಾಗಿದ್ದಾಗ ಗೋಲಿ ಎಸೆಯುತ್ತಿದ್ದ ಹಾಗೆ ಗ್ರೀನಿನ ಮೇಲೆ ಎಸೆಯಬೇಕು. ಎಲ್ಲಿ ಬಿದ್ದರೆ ಎಷ್ಟು ಉರುಳುತ್ತದೆ ನೋಡಬೇಕು. ಐದು ಸಲ, ಹತ್ತು ಸಲ. "ಗುಂಡಿ ನೋಡಬ್ಯಾಡಿ. ಅದು ಎಲ್ಲಿಗೂ ಓಡೋಗಲ್ಲ. ಚೆಂಡು ಬೀಳೋ ಜಾಗ ನೋಡಿ" ಅನ್ನುತ್ತಿದ್ದ. ಆಮೇಲೆ ಕೋಲು. ಕಾಲು ಹತ್ತಿರ ಹತ್ತಿರ, ಮೈಭಾರ ಎಡಗಾಲ ಮೇಲೆ, ಚೆಂಡು ಬಲಗಾಲ ಕಡೆಗೆ, ಕೈ ಚೆಂಡಿಗಿಂತ ಮುಂದೆ. ಮಣಿಕಟ್ಟು ಮುರಿಯಬಾರದು. ನಾನು ಮುರಿದಾಗಲೆಲ್ಲ ತನ್ನ ಎರಡು ಬೆರಳಿನಿಂದ ನನ್ನ ಮಣಿಕಟ್ಟನ್ನು ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ಬೈಯುತ್ತಿರಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಸಿಟ್ಟು ಮಾಡಿಕೊಳ್ಳಲು ಒಂದು ಕಾರಣ ಸಿಗುತ್ತಿತ್ತು.

ಏಳನೇ ಗ್ರೀನ್ ಅವನಿಗೆ ಬೇರೆ. ಅದು ಗುಡ್ಡದ ಇಳಿಜಾರಿನಲ್ಲಿ ಇತ್ತು, ಚೆಂಡು ಯಾವ ಕಡೆ ತಿರುಗುತ್ತದೆ ಎಂದು ಹಳೆಯ ಮೆಂಬರುಗಳಿಗೂ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಎಡಕ್ಕೆ ಇಳಿಜಾರು ಕಂಡರೂ ಚೆಂಡು ಬಲಕ್ಕೆ ಹೋಗುತ್ತಿತ್ತು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಇದು ನಮ್ಮ ಅಜ್ಜನ ರಾಗಿ ಹೊಲ ಗೌಡ್ರೇ" ಅಂದ, ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವ ಹಾಗೆ. "ಕಾಡು ಕಡಿದು ಸುಟ್ಟು ರಾಗಿ ಚೆಲ್ಲೋರು. ಆಗ ಮಳೆ ನೀರು ಆ ಕಲ್ಲಿಂದ ಬಂದು ಇಲ್ಲಿ ಬಲಕ್ಕೆ ಹೊರಳಿ ಹೋಗೋದು. ಮೇಲೆ ಏನು ಹುಲ್ಲು ಹಾಕಿದ್ರೂ ನೆಲ ಅದೇ ತಾನೆ. ನೀರು ಹೋದ ಕಡೆ ಚೆಂಡು ಹೋಯ್ತದೆ."

ಅಜ್ಜನ ಹೊಲ ಯಾವಾಗ ಎಸ್ಟೇಟಿನ ಕಾಗದಕ್ಕೆ ಸೇರಿತು, ಯಾರು ಬರೆಸಿಕೊಂಡರು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಪೆರಿಕಲ್ಲೂರಿನ ನಮ್ಮ ಗದ್ದೆ ಮೊದಲು ಯಾರದಾಗಿತ್ತು ಎಂಬ ಮಾತೂ ಬರುತ್ತಿತ್ತು. ಅವತ್ತು ನನಗೆ ಬಂದ ಯೋಚನೆ ಬೇರೆ, ಅದನ್ನು ಬರೆಯಲು ಅಸಹ್ಯವಾಗುತ್ತದೆ: ಓಹೋ, ಇವನಿಗೆ ಹುಟ್ಟಿನಿಂದಲೇ ಗೊತ್ತಿರುವ ನೆಲ, ಇದರಲ್ಲಿ ಇವನ ಹೆಚ್ಚುಗಾರಿಕೆ ಏನು ಬಂತು. ಹೊಲ ಕಳೆದುಕೊಂಡವನ ಮೇಲೂ ನಾನು ಹೊಟ್ಟೆಕಿಚ್ಚು ಪಟ್ಟೆ.

ಅದು ವಯನಾಡಿನಲ್ಲಿ ನೆಲದ ಮಾತು ಬಿಸಿಯಾಗಿದ್ದ ಕಾಲ. ಗೋಡೆಗಳ ಮೇಲೆ ಕೆಂಪು ಬರಹ, ಬಸ್ಸುಗಳಲ್ಲಿ ತಪಾಸಣೆ, ಕಾಡಿನಂಚಿನ ಹಾಡಿಗಳ ಹತ್ತಿರ ಪೊಲೀಸ್ ಕ್ಯಾಂಪು. ದೂರದಿಂದ ಬಂದ ಓದಿದ ಹುಡುಗರು ಹಾಡಿಗಳಲ್ಲಿ ಉಳಿದುಕೊಂಡು ನೆಲ ದುಡಿದವರದು ಎಂದು ಹೇಳುತ್ತಾರೆ ಎಂಬ ಸುದ್ದಿ ಇತ್ತು. "ಅವರು ಹೇಳೋದು ಸರಿಯಾ ಮೇಸ್ತ್ರಿ?" ಎಂದು ಒಮ್ಮೆ ಕೇಳಿದೆ. "ಹೇಳೋದು ಸರಿಯೇ. ನಮಗೆ ಗೊತ್ತಿಲ್ದೆ ಇರೋದೇನೂ ಹೇಳಿಲ್ಲ" ಎಂದು ಮತ್ತೆ ಮೆಷಿನ್ ತಳ್ಳಿದ.

ಪ್ರತಿ ವರ್ಷ ನಮ್ಮ ಕ್ಲಬ್ಬಿಗೂ ನೀಲಗಿರಿ ಕಡೆಯ ಒಂದು ಕ್ಲಬ್ಬಿಗೂ ನಾಲ್ವರು ನಾಲ್ವರ ಪಂದ್ಯ ನಡೆಯುತ್ತಿತ್ತು, ಒಬ್ಬರಿಗೆ ಒಬ್ಬರು ಎದುರು. ಆ ವರ್ಷ ನಮ್ಮ ಮೈದಾನದಲ್ಲೇ. ಒಬ್ಬ ಮೆಂಬರು ಮೋಟಾರ್ ಸೈಕಲಿನಿಂದ ಬಿದ್ದು ಕಾಲು ಮುರಿದುಕೊಂಡರು, ನಮ್ಮ ಕಡೆ ಉಳಿದವರು ಮೂವರೇ. ಸೆಕ್ರೆಟರಿ ಒಂದು ಶನಿವಾರ ನನ್ನನ್ನೂ ಮೇಸ್ತ್ರಿಯನ್ನೂ ಕರೆದು, ಮಲಯಾಳದಲ್ಲಿ, "ನಾಲ್ಕನೆಯವನು ನಿಮ್ಮಿಬ್ಬರಲ್ಲಿ ಒಬ್ಬ. ಗುರುವಾರ ಹೇಳ್ತೇನೆ" ಅಂದರು. ಪಂದ್ಯ ಮುಂದಿನ ಶನಿವಾರ.

ಆ ಜಾಗ ನನಗೆ ಎಷ್ಟು ಬೇಕಾಗಿತ್ತು ಎಂದು ಹೇಳಿದರೆ ನಗುತ್ತೀರಿ. ಎಂಟು ವರ್ಷ ಆ ವರಾಂಡದಲ್ಲಿ ಕಾಗದ ಹಿಡಿದು ನಿಂತಿದ್ದೆ. ಒಮ್ಮೆಯಾದರೂ ಕುರ್ಚಿಯ ಮೇಲೆ ಕೂತು ಚಹಾ ಕುಡಿಯಬೇಕಾಗಿತ್ತು. ಅಡ್ಡ ನಿಂತಿದ್ದವನು ಇವನೊಬ್ಬ, ಶೂ ಇಲ್ಲದವನು.

ಪಂದ್ಯದ ತನಕ ಗ್ರೀನುಗಳ ಮೇಲೆ ಯಾರೂ ಆಡಬಾರದು, ಆಡಿದವರ ಹೆಸರು ಪಂದ್ಯದ ಪಟ್ಟಿಯಿಂದ ಹೋಗುತ್ತದೆ ಎಂದು ಸೆಕ್ರೆಟರಿ ನೋಟಿಸು ಹಾಕಿದ್ದರು. ಬೆರಳಚ್ಚು ಮಾಡಿದವನು ನಾನು, ಬೋರ್ಡಿಗೆ ಮೊಳೆ ಹೊಡೆದವನೂ ನಾನೇ. ಮರುದಿನ ಭಾನುವಾರ ಮೆಂಬರುಗಳೆಲ್ಲ ಒಂದು ಮದುವೆಗೆ ಕೋಝಿಕ್ಕೋಡಿಗೆ ಹೊರಟರು, ಕ್ಲಬ್ಬಿಗೆ ಬೀಗ. ಮೇಸ್ತ್ರಿ ಎರಡು ವಾರಕ್ಕೊಮ್ಮೆ ಭಾನುವಾರ ತಂಗಿಯ ಮನೆಗೆ ಮರಕ್ಕಡವಿಗೆ ಹೋಗುವವನು, ಆ ಭಾನುವಾರ ಹೋಗುವ ದಿನ. ನಾನು ಬೆಳಿಗ್ಗೆಯೇ ಅವನ ಶೆಡ್ಡಿಗೆ ಹೋಗಿ ನಿಂತೆ.

"ಇವತ್ತು ಹೋಗಬೇಡ. ಏಳನೇ ಗ್ರೀನ್ ನನಗೆ ಹೇಳಿಕೊಡು" ಅಂದೆ.

"ನೋಟಿಸು ಹಾಕವ್ರಲ್ಲ ಗೌಡ್ರೇ."

"ಯಾರಿದಾರೆ ನೋಡೋಕೆ?"

"ತಂಗಿ ಕಾಯ್ತಾಳೆ. ಹೋಗ್ಲಿ ಬುಡಿ, ಮುಂದಿನ ವಾರ ಹೋದ್ರಾಯ್ತು" ಅಂದ. ತನ್ನ ಜಾಗಕ್ಕೇ ಕಣ್ಣು ಹಾಕಿದವನಿಗೆ ಕಲಿಸಲು ಉಳಿದುಕೊಂಡ.

ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಏಳನೇ ಗ್ರೀನಿನಲ್ಲಿದ್ದೆವು. ಮಧ್ಯಾಹ್ನ ಅವನು ಸುಟ್ಟ ಗೆಣಸು ಕೊಟ್ಟ. ಗುಂಡಿಯಿಂದ ಎರಡು ಮಾರು ಎಡಕ್ಕೆ, ಒಂದು ಅಂಗೈಯಗಲ ಜಾಗ ತೋರಿಸಿ, ಅಲ್ಲಿ ಬೀಳಿಸಿದರೆ ಮಿಕ್ಕದ್ದು ನೆಲ ನೋಡಿಕೊಳ್ಳುತ್ತದೆ ಅಂದ. ಮುನ್ನೂರು ಸಲ ಹೊಡೆದಿರಬೇಕು. ಸಂಜೆಯ ಹೊತ್ತಿಗೆ ಒಂದು ಚೆಂಡು ಗುಂಡಿಗೆ ಬಿತ್ತು. ನಾನು ಕುಣಿದಾಡಿದೆ. "ಈಗ ನಾನೊಂದು" ಎಂದು ಅವನು ಅಲ್ಲೇ ನಿಂತು, ಒಂದೇ ಏಟಿಗೆ ಬೀಳಿಸಿದ. ನನ್ನ ಕುಣಿತ ನಿಂತುಹೋಯಿತು.

ಅದೇ ಭಾನುವಾರ ಹಾಡಹಗಲೇ ಮರಕ್ಕಡವಿನ ಹತ್ತಿರ ಒಬ್ಬ ದೊಡ್ಡ ಭೂಮಾಲೀಕರ ಕಣಜಕ್ಕೆ ಜನ ನುಗ್ಗಿ, ಭತ್ತ ತೆಗೆದು ಹಾಡಿಯವರಿಗೆ ಹಂಚಿದರು. ಕಾವಲಿನವನೊಬ್ಬನಿಗೆ ಕತ್ತಿಯೇಟು ಬಿತ್ತು. ಸೋಮವಾರ ಸುದ್ದಿ ನಮಗೆ ಮುಟ್ಟಿತು. ಮಂಗಳವಾರ ಪೊಲೀಸ್ ಜೀಪು ಬಂದು ಮೇಸ್ತ್ರಿಯನ್ನು ಮೆಷಿನ್ ತಳ್ಳುತ್ತಿದ್ದಲ್ಲಿಂದಲೇ ಕರೆದುಕೊಂಡು ಹೋಯಿತು. ಅವನ ತಂಗಿಯ ಗಂಡ ಆ ಗುಂಪಿನಲ್ಲಿದ್ದನಂತೆ. ಆ ಭಾನುವಾರ ಅವನು ಅಲ್ಲಿಗೆ ಹೋಗುವ ದಿನ ಎಂದು ಯಾರೋ ಹೇಳಿದ್ದರಂತೆ. ನನ್ನ ಹಾಜರಿ ಪುಸ್ತಕದಲ್ಲಿ ಭಾನುವಾರದ ಅಂಕಣ ಖಾಲಿ. ಅವನು ಎಲ್ಲಿದ್ದ ಎಂದು ಬಲ್ಲವನು ಭೂಮಿಯ ಮೇಲೆ ನಾನೊಬ್ಬನೇ.

ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನೋಟಿಸಿನ ಪ್ರಕಾರ ನನ್ನ ಹೆಸರು ಹೋಗುತ್ತಿತ್ತು. ನಾಳೆ ಹೇಳೋಣ, ಅವರೇ ವಿಚಾರಿಸಿ ಬಿಡುತ್ತಾರೆ ಎಂದುಕೊಂಡೆ. ಗುರುವಾರ ಸೆಕ್ರೆಟರಿ ನನ್ನ ಮುಖ ನೋಡದೆ, "ಇನ್ನೇನು, ನೀವೇ ಆಡಬೇಕು" ಅಂದರು. ಆಗ ನನಗೆ ಆದದ್ದು ಸಂತೋಷ. ಬೇರೆ ಹೆಸರು ಕೊಟ್ಟು ಮುಚ್ಚಿಡುವುದಿಲ್ಲ, ಸಂತೋಷವೇ.

ಶುಕ್ರವಾರ ಹೆಂಡತಿ ಅನ್ನ ಬಡಿಸಿ ಎದುರಿಗೆ ಕೂತಳು.

"ಭಾನುವಾರ ನಿಮ್ಮ ಪ್ಯಾಂಟಿನ ತುಂಬ ಹುಲ್ಲಿನ ಕಲೆ ಇತ್ತು. ಒಬ್ಬರೇ ಆಡಿದ್ರಾ?"

ನಾನು ಅನ್ನ ಕಲಸಿದೆ.

"ಹೋಗಿ ಹೇಳಿ."

"ನಾಳೆ ಒಂದು ದಿನ ಕಳೀಲಿ."

"ನಿಮಗೆ ಒಂದು ದಿನ. ಅಲ್ಲಿ ಹೊಡೆಸಿಕೊಳ್ಳೋನಿಗೆ ಎಷ್ಟು ದಿನವೋ" ಎಂದು ಎದ್ದುಹೋದಳು. ನಾನು ಊಟ ಮುಗಿಸಿದೆ. ಮಜ್ಜಿಗೆಯನ್ನೂ ಹಾಕಿಸಿಕೊಂಡೆ.

ಶನಿವಾರ ಪಂದ್ಯ. ನಮ್ಮವರಲ್ಲಿ ಒಬ್ಬರು ಗೆದ್ದು ಒಬ್ಬರು ಸೋತು ಇನ್ನೊಬ್ಬರದು ಸಮವಾಗಿ, ಎಲ್ಲರೂ ನನ್ನ ಆಟದ ಹಿಂದೆ ನಡೆದು ಬಂದರು. ಆರು ಗುಂಡಿ ಮುಗಿದಾಗ ನಾನೂ ನನ್ನ ಎದುರಾಳಿಯೂ ಸಮ. ಏಳನೆಯದರಲ್ಲಿ ನನ್ನ ಚೆಂಡು ಗ್ರೀನಿನ ಅಂಚಿನ ಒರಟು ಹುಲ್ಲಿನಲ್ಲಿ ನಿಂತಿತು, ಭಾನುವಾರ ನಿಂತಿದ್ದ ಜಾಗದಿಂದ ಎರಡಡಿ ಅತ್ತ ಇತ್ತ. ಪಂದ್ಯದಲ್ಲಿ ಚೆಂಡು ಎಸೆದು ನೋಡುವ ಹಾಗಿಲ್ಲ. ನಾನು ಬರಿಗೈಯನ್ನೇ ಕೆಳಗಿನಿಂದ ಬೀಸಿ ನೋಡಿದೆ. ಎಡಕ್ಕೆ ಎರಡು ಮಾರು, ಅಂಗೈಯಗಲ ಜಾಗ. ಮೈಭಾರ ಎಡಗಾಲಿಗೆ ಹಾಕಿ, ಕೆಳಕ್ಕೆ ಬಡಿದೆ. ಜೀವನದಲ್ಲಿ ಮೊದಲ ಸಲ ತಲೆ ಎತ್ತಲಿಲ್ಲ. ಚೆಂಡು ಬಿದ್ದು ಆ ಗುಂಡಿ ನನ್ನದಾಯಿತು ಎಂದು ಜನ ಚಪ್ಪಾಳೆ ಹೊಡೆದಾಗಲೇ ಗೊತ್ತಾದದ್ದು. ಮುಂದಿನ ಎರಡು ಗುಂಡಿ ಸಮವಾದವು, ಪಂದ್ಯ ನಮ್ಮದಾಯಿತು.

ವರಾಂಡದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಚಹಾ ಬಂತು. ನೀಲಗಿರಿಯ ಕ್ಯಾಪ್ಟನ್ ನನ್ನ ಕೈ ಕುಲುಕಿ, ಇಂಥ ಚಿಪ್ ಕಲಿಸಿದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಪುಸ್ತಕ ಓದಿ ಕಲಿತೆ" ಅಂದೆ. ಬಾಯಿಗೆ ಮೊದಲು ಬಂದದ್ದೇ ಅದು. ಪಕ್ಕದ ಕುರ್ಚಿಯಲ್ಲಿದ್ದ ಸೆಕ್ರೆಟರಿ ಚಹಾದ ಕಪ್ಪು ಕೆಳಗಿಟ್ಟು ಮೈದಾನದ ಕಡೆ ನೋಡಿದರು.

ಸೋಮವಾರ ಬೆಳಿಗ್ಗೆ ಅವರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಜೀಪು ಬಂದದ್ದು ಮಂಗಳವಾರ. ಇವತ್ತು ಯಾವ ವಾರ?" ಉತ್ತರಕ್ಕೆ ಕಾಯದೆ ಕಾರಿನ ಕೀಲಿ ತೆಗೆದುಕೊಂಡರು. ಆ ಮೇಲೆ ನಾನು ಎಸ್ಟೇಟು ಬಿಡುವ ತನಕವೂ ಅವರು ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ.

ಪೊಲೀಸ್ ಕ್ಯಾಂಪಿನ ಇನ್‌ಸ್ಪೆಕ್ಟರು ನನ್ನ ಹೇಳಿಕೆ ಕೇಳಿ ಹುಬ್ಬು ಗಂಟಿಕ್ಕಿದರು. "ನೀವು ಜೊತೆಗಿದ್ದೆ ಅಂತೀರಿ. ಅವನು ಒಬ್ಬನೇ ಇದ್ದೆ, ಹುಲ್ಲು ನೋಡ್ತಿದ್ದೆ ಅಂತಾನೆ. ಆರು ದಿನದಿಂದ ಅದನ್ನೇ ಹೇಳ್ತಿದಾನೆ. ನೋಡಿದವರು ಯಾರಾದ್ರೂ ಇದ್ರಾ ಅಂತ ಎಷ್ಟು ಸಲ, ಎಷ್ಟು ರೀತಿ ಕೇಳಿದ್ರೂ ಯಾರೂ ಇಲ್ಲ ಅಂದ. ನಿಮ್ಮಿಬ್ಬರಲ್ಲಿ ಸುಳ್ಳು ಯಾರದು?"

ಕೊನೆಗೆ ಸೆಕ್ರೆಟರಿ ತಮ್ಮ ಮಿಲಿಟರಿ ಹುದ್ದೆ ಹೇಳಿ ಜವಾಬ್ದಾರಿ ಬರೆದುಕೊಟ್ಟರು. ಎರಡು ದಿನದ ಮೇಲೆ ಬಿಟ್ಟರು. ಅವನು ಕ್ಲಬ್ಬಿಗೆ ಬರಲಿಲ್ಲ, ನೇರವಾಗಿ ತಂಗಿಯ ಮನೆಗೆ ಹೋದ.

ನಾನು ಮರಕ್ಕಡವಿಗೆ ಹೋಗಲು ಒಂದು ತಿಂಗಳು ಬೇಕಾಯಿತು. ಹೆಂಡತಿಯೇ ಬಸ್ಸು ಹತ್ತಿಸಿದಳು. ಅವನು ಗುಡಿಸಿಲ ಮುಂದೆ ಕೂತು ಬಿದಿರು ಸೀಳುತ್ತಿದ್ದ. ನನ್ನನ್ನು ನೋಡಿ ಎದ್ದ. ಅಂಗಾಲು ಪೂರ್ತಿ ಊರಲಾಗದೆ ಪಾದದ ಅಂಚಿನ ಮೇಲೆ ನಿಂತ. ಕೂತುಕೋ ಅಂದೆ. ಕೂರಲಿಲ್ಲ. ಗೌಡರು ನಿಂತಿದ್ದಾರೆ ಎಂದು ಅವನೂ ನಿಂತಿದ್ದ. ನಾನು ನೆಲದ ಮೇಲೆ ಕೂತೆ, ಆಗ ಕೂತ.

"ನನ್ನ ಹೆಸರು ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ಇಬ್ಬರ ಹೆಸರೂ ಪಟ್ಟಿಯಿಂದ ಹೋಗೋದು ಗೌಡ್ರೇ. ನಾನು ಹೆಂಗೂ ಒಳಗೆ ಕೂತಿದ್ದೆ. ಒಬ್ಬರಾದ್ರೂ ಆಡ್ಲಿ ಅಂತ" ಅಂದ. "ಅಷ್ಟು ಹೊತ್ತು ಕಲಿಸಿದ್ದು ಸುಮ್ನೆ ಹೋಗಬಾರದಲ್ಲ."

ನಾನು ಆರು ದಿನ ಬಾಯಿ ಮುಚ್ಚಿಕೊಂಡಿದ್ದು ಅವನಿಗೆ ಗೊತ್ತಿತ್ತು. ಅದರ ಬಗ್ಗೆ ಒಂದು ಮಾತಾಡಲಿಲ್ಲ. ಎದುರಿಗೆ ಕೂತ ನನಗೆ ಅಳು ಬರಬೇಕಾಗಿತ್ತು. ಬಂದದ್ದು ಅದೇ ಹಳೆಯ ಉರಿ: ಇದರಲ್ಲೂ ಇವನೇ ಮೇಲಾದ. ಒಮ್ಮೆ ಬೈದುಬಿಟ್ಟಿದ್ದರೆ, ಮುಖಕ್ಕೆ ಉಗಿದಿದ್ದರೆ, ಇಬ್ಬರೂ ಸಮ ಆಗುತ್ತಿದ್ದೆವು.

ಅವನಿಗೆ ಬೇಕಾಗಿದ್ದದ್ದು ಬೇರೆ ಸುದ್ದಿ. "ಏಳನೇದರಲ್ಲಿ ಎಲ್ಲಿ ಬೀಳಿಸಿದ್ರಿ?" ಅಂದ. ಹೇಳಿದೆ. ಬಿದಿರು ಕಡ್ಡಿಯಿಂದ ಮಣ್ಣಿನ ಮೇಲೆ ಗ್ರೀನ್ ಬರೆದು, ಇಲ್ಲಿಯಾ, ಇಲ್ಲಿಯಾ ಎಂದು ಕೇಳಿ ಜಾಗ ಖಚಿತ ಮಾಡಿಕೊಂಡ. ಬಲಕ್ಕೆ ಎಷ್ಟು ಹೊರಳಿತು ಎಂದು ನನಗೆ ಗೊತ್ತಿರಲಿಲ್ಲ, ತಲೆ ಎತ್ತಿರಲಿಲ್ಲ ಅಂದೆ. ಅದಕ್ಕೆ ಅವನಿಗಾದ ಖುಷಿ ನಾನು ಮರೆಯಲಾರೆ. ಒಳಗಿದ್ದ ತಂಗಿಯನ್ನು ಕೂಗಿ, "ಗೌಡ್ರು ತಲೆ ಎತ್ತಲಿಲ್ವಂತೆ" ಎಂದು ಹೇಳಿದ. ಅವಳಿಗೆ ಏನು ಅರ್ಥವಾಯಿತೋ, ಕರಿ ಕಾಪಿ ತಂದಿಟ್ಟಳು.

"ಕಲಿಸಿದ್ದು ಯಾರು ಅಂತ ಅವ್ರು ಕೇಳಲಿಲ್ವಾ?" ಎಂದು ಆಮೇಲೆ ಕೇಳಿದ. ನನ್ನ ಮುಖ ನೋಡದೆ, ಬಿದಿರು ನೋಡುತ್ತ ಕೇಳಿದ.

"ಕೇಳಿದ್ರು. ನಿನ್ನ ಹೆಸರು ಹೇಳಿದೆ."

"ಎಲ್ಲರ ಮುಂದಾ?"

"ಎಲ್ಲರ ಮುಂದೆ."

ಅವನು ಸೀಳುತ್ತಿದ್ದ ಬಿದಿರನ್ನು ಪಕ್ಕಕ್ಕಿಟ್ಟು ಹೊಳೆಯ ಕಡೆ ನೋಡುತ್ತ ತುಂಬ ಹೊತ್ತು ಕೂತಿದ್ದ. ಬಸ್ಸಿಗೆ ಹೊತ್ತಾಯಿತು ಎಂದು ನಾನೇ ಎದ್ದೆ. ದಾರಿಯ ತಿರುವಿನವರೆಗೆ ಪಾದದ ಅಂಚಿನಲ್ಲೇ ನಡೆದು ಬಂದು ಕಳಿಸಿಕೊಟ್ಟ.

ಅವನು ಮತ್ತೆ ಹುಲ್ಲಿನ ಕೆಲಸಕ್ಕೆ ಬರಲಿಲ್ಲ. ಕೆಲವು ವರ್ಷದ ಮೇಲೆ ಹಾಡಿಯವರು ನೆಲ ಕೇಳಿ ಕಾಡಿನಂಚಿನಲ್ಲಿ ಗುಡಿಸಿಲು ಹಾಕಿ ಕೂತಾಗ ಅವರ ಜೊತೆ ಇದ್ದ. ಆ ಮಳೆಗಾಲ ಜ್ವರ ಬಂದು ಅಲ್ಲೇ ತೀರಿಕೊಂಡ. ನೆಲದ ಕಾಗದ ಅವನ ಕೈಗೆ ಬರಲಿಲ್ಲ. ನನಗೆ ಸುದ್ದಿ ಮುಟ್ಟಿದಾಗ ಮಣ್ಣು ಮಾಡಿ ಮೂರು ದಿನ ಆಗಿತ್ತು. ತಂಗಿ ನನ್ನನ್ನು ನೋಡಿ, "ಕ್ಲಬ್ಬಲ್ಲಿ ಎಲ್ಲರ ಮುಂದೆ ನನ್ನ ಹೆಸರು ಹೇಳವ್ರೆ ಅಂತ ಬಂದೋರಿಗೆಲ್ಲ ಹೇಳ್ತಿದ್ದ ಅಣ್ಣ" ಅಂದಳು. ನಾನು ಹೌದು ಎಂದು ತಲೆ ಆಡಿಸಿದೆ.

ಕ್ಲಬ್ಬಿನಲ್ಲಿ ಆ ವರ್ಷದ ಪಂದ್ಯದ ಹಲಗೆ ತೂಗುಹಾಕಿದ್ದರು, ಅದರಲ್ಲಿ ನನ್ನ ಹೆಸರಿತ್ತು. ಅವನಿಗೆ ಅದೂ ಇಲ್ಲ. ಅದಕ್ಕೇ ಇದನ್ನು ಬರೆಯಲು ಕೂತದ್ದು, ಅವನಿಗೆ ಹೇಳಿದ ಸುಳ್ಳನ್ನು ಈಗಲಾದರೂ ನಿಜ ಮಾಡೋಣ, ಕಲಿಸಿದವನು ಇಂಥವನು ಎಂದು ನಾಲ್ಕು ಜನ ಓದುವ ಕಡೆ ಹೇಳೋಣ ಎಂದು. ಮೊದಲಿನಿಂದ ಓದಿ ನೋಡಿದೆ. ಮೇಸ್ತ್ರಿ ಎಂದು ಬರೆದಿದ್ದೇನೆ, ಅವನು ಎಂದು ಬರೆದಿದ್ದೇನೆ. ಇಷ್ಟುದ್ದ ಬರೆದೂ ಅವನ ಹೆಸರು ಒಂದು ಕಡೆಯೂ ಬರೆದಿಲ್ಲ.